ಅತ್ತೆ ಹಿಡಿದ ಕ್ಷುದ್ರಗ್ರಹ

ವೀಕ್ಷಣಾಲಯದ ಪ್ಲೇಟು ಕೋಣೆಯಲ್ಲಿ ಆಕೆಯನ್ನು ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಅತ್ತೆಯಾಗಿದ್ದದ್ದು ಪಕ್ಕದ ಮೇಜಿನ ಸೊಸೆಗೆ ಮಾತ್ರ. ಸೊಸೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಅಭ್ಯಾಸಬಲದಿಂದ "ಅತ್ತೇ" ಎಂದು ಕೂಗಿಬಿಟ್ಟಳು. ಆಮೇಲೆ ಕಾವಲುಗಾರನಿಂದ ಮುಖ್ಯಸ್ಥರವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು. ಮನೆಯ ಅತ್ತೆಯೇ ಕಚೇರಿಯಲ್ಲೂ ಪಕ್ಕದಲ್ಲೇ ಕೂತಿದ್ದರೆ ಬೇರೆ ಯಾರಾದರೂ ಓಡಿಹೋಗುತ್ತಿದ್ದರು. ಈ ಹುಡುಗಿ ಓಡಲಿಲ್ಲ. ಅದು ಯಾರ ಪುಣ್ಯವೋ ಗೊತ್ತಿಲ್ಲ.

ರಾತ್ರಿ ದೂರದರ್ಶಕದಲ್ಲಿ ತೆಗೆದ ಗಾಜಿನ ಫೋಟೋ ಪ್ಲೇಟುಗಳು ಬೆಳಿಗ್ಗೆ ತೊಳೆದು ಒಣಗಿ ಇವರ ಮೇಜಿಗೆ ಬರುತ್ತಿದ್ದವು. ಅವುಗಳಲ್ಲಿ ಎಲ್ಲವೂ ತಿರುಗುಮುರುಗು: ಆಕಾಶ ಬೆಳ್ಳಗೆ, ನಕ್ಷತ್ರಗಳು ಕಪ್ಪು ಚುಕ್ಕೆ. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಕಲ್ಲು, ಅಂದರೆ ಕ್ಷುದ್ರಗ್ರಹ ಮಾತ್ರ, ಫೋಟೋ ತೆಗೆಯುವ ಒಂದು ಗಂಟೆಯಲ್ಲಿ ಕೊಂಚ ಸರಿದು, ರೆಪ್ಪೆಗೂದಲಿನ ಚೂರಿನಷ್ಟು ಗೆರೆಯಾಗುತ್ತದೆ. ಆ ಗೆರೆಯನ್ನು ಹುಡುಕಬೇಕು, ಅದರ ಸ್ಥಾನವನ್ನು ಸೂಕ್ಷ್ಮದರ್ಶಕದಡಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನವರೆಗೆ ಅಳೆಯಬೇಕು. ಇಪ್ಪತ್ತೊಂಬತ್ತು ವರ್ಷ ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ಇದನ್ನೇ ಮಾಡಿದ್ದಳು. ಸಿಕ್ಕ ಗೆರೆಗಳೆಲ್ಲ ಮೊದಲೇ ಯಾರೋ ಕಂಡು ಪಟ್ಟಿಗೆ ಸೇರಿಸಿದಂಥವು. ತನ್ನದು ಎಂಬುದು ಒಂದೂ ಇರಲಿಲ್ಲ.

ಬಾಯಿ ಮಾತ್ರ ಜೋರು. ಸೊಸೆ ಬರೆದ ಅಂಕಿಯಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಪಾಠ ನಡೆಯುತ್ತಿತ್ತು. ಪಕ್ಕದ ಸೀಟಿನವರಿಗೆ ಖಗೋಳಶಾಸ್ತ್ರ ಪುಕ್ಕಟೆ.

ಒಂದು ಬೆಳಿಗ್ಗೆ ಹಿಂದಿನ ವಾರದ ಎರಡು ಪ್ಲೇಟುಗಳಲ್ಲಿ ಅತ್ತೆಗೆ ಒಂದು ಮಸುಕು ಗೆರೆ ಕಂಡಿತು. ಪಟ್ಟಿ ತೆಗೆದು ನೋಡಿದಳು. ಆ ಜಾಗದಲ್ಲಿ ಯಾವ ಕ್ಷುದ್ರಗ್ರಹವೂ ಇರಬೇಕಾಗಿರಲಿಲ್ಲ. ಗೆರೆ ಪ್ಲೇಟಿನಲ್ಲಿದೆಯೋ ಕಣ್ಣಿನಲ್ಲಿದೆಯೋ ಎಂದು ತಿಳಿಯಲು ಪ್ಲೇಟನ್ನು ಅರ್ಧ ಸುತ್ತು ತಿರುಗಿಸಿದಳು. ಗೆರೆಯೂ ತಿರುಗಿತು. ಆದರೆ ಅದರ ಪಕ್ಕದ ಒಂದು ಬೂದು ಮಬ್ಬು ಅಲ್ಲಾಡದೆ ಇದ್ದಲ್ಲೇ ಇತ್ತು.

ಆ ಮಬ್ಬು ಹೊಸದಲ್ಲ. ವರ್ಷದಿಂದ ಅತ್ತೆ ಅದನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಮನೆಯಲ್ಲಿ ಗುಂಡಿ ಹೊಲಿಯುವುದನ್ನು "ನನಗೇನು ಬೇರೆ ಕೆಲಸ ಇಲ್ವಾ?" ಎಂದು ಬಿಟ್ಟಿದ್ದೂ ಅದಕ್ಕೇ. ಈಗ ಗೆರೆಯನ್ನು ಮೂರು ಸಲ ಅಳೆದಳು. ಮೂರು ಸಲವೂ ಬೇರೆ ಬೇರೆ ಉತ್ತರ. ತಪ್ಪು ಅಂಕಿ ಕಳಿಸಿದರೆ ಅದು ಮುಂದೆ ಎಲ್ಲಿರುತ್ತದೆಂಬ ಲೆಕ್ಕ ತಪ್ಪಿ ದೂರದರ್ಶಕ ಖಾಲಿ ಆಕಾಶ ನೋಡುತ್ತದೆ, ಕಲ್ಲು ತನ್ನ ಪಾಡಿಗೆ ಹೋಗಿಬಿಡುತ್ತದೆ. ಸರಿಯಾದ ಅಂಕಿ ಬೇಕೆಂದರೆ ಸೊಸೆಯ ಕಣ್ಣು ಬೇಕು. ಸೊಸೆಯ ಕಣ್ಣು ಕೇಳಿದರೆ ತನ್ನ ಕುರ್ಚಿ ಹೋಗುತ್ತದೆ. ಊಟದ ಡಬ್ಬಿ ತೆರೆಯದೆ ಮಧ್ಯಾಹ್ನ ಕಳೆಯುವವರೆಗೆ ಕೂತಿದ್ದಳು.

"ಇಲ್ಲಿ ಬಾ. ಇದನ್ನ ಅಳೆ," ಎಂದಳು ಕೊನೆಗೆ.

"ನೀವೇ ಅಳೆದಿದ್ದೀರಲ್ಲ ಅತ್ತೆ?"

"ನನ್ನ ಕಣ್ಣು ಕೈಕೊಟ್ಟಿದೆ ಕಣೇ. ವರ್ಷ ಆಯ್ತು. ಈ ವರ್ಷ ನಾನು ಬರೆದಿದ್ದೆಲ್ಲ ನೀನು ಮತ್ತೆ ಅಳೀಬೇಕು. ಮೊದಲು ಇದನ್ನ ಅಳೆ, ಇದು ಕಾಯೋದಿಲ್ಲ."

ಸೊಸೆ ಕೂತು ಅಳೆದಳು. ಮೂರು ಸಲವೂ ಒಂದೇ ಉತ್ತರ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದನ್ನು ಇಷ್ಟು ಕಡಿಮೆ ಸದ್ದಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಅತ್ತೆ ತಾನೇ ಮುಖ್ಯಸ್ಥರ ಕೋಣೆಗೆ ಹೋಗಿ ಎರಡೂ ಸುದ್ದಿ ಹೇಳಿದಳು. ಹತ್ತು ದಿನದ ನಂತರ ಲೆಕ್ಕ ಹಾಕಿದ ಜಾಗದಲ್ಲೇ ಆ ಕಲ್ಲು ಸಿಕ್ಕಿತು. ಪಟ್ಟಿಯಲ್ಲಿ ಕಂಡುಹಿಡಿದವರ ಜಾಗದಲ್ಲಿ ಅತ್ತೆಯ ಹೆಸರು, ಅಳೆದವರ ಜಾಗದಲ್ಲಿ ಸೊಸೆಯದು.

ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಯಿತು, ದಪ್ಪ ಕನ್ನಡಕ ಬಂತು. ಅದು ಸೂಕ್ಷ್ಮದರ್ಶಕಕ್ಕೆ ಒಗ್ಗದೆ, ಪ್ಲೇಟು ಕೋಣೆಗೆ ಅತ್ತೆ ಮರಳಲಿಲ್ಲ. ತಾನೇ ತಪ್ಪು ಅಳೆದವಳು ಬೇರೆಯವರ ತಪ್ಪು ಹೇಗೆ ಹಿಡಿಯಲಿ ಎಂಬಂತೆ ಬಯ್ಯುವುದನ್ನೂ ಬಿಟ್ಟಳು. ಸೊಸೆ ಹಾಲು ಉಕ್ಕಿಸಿದರೂ ಸುಮ್ಮನಿರುತ್ತಿದ್ದಳು. ಮನೆಯವರಿಗೆ ಆ ಮೌನವೇ ಭಯ ಹುಟ್ಟಿಸುತ್ತಿತ್ತು.

ಎರಡು ವರ್ಷದ ಮೇಲೆ ಒಂದು ಸಂಜೆ ಸೊಸೆ ಕಚೇರಿಯಿಂದ ಒಂದು ವರದಿ ತಂದು ಓದಿದಳು. ಕಲ್ಲು ಹದಿನೈದು ಕಿಲೋಮೀಟರು ಉದ್ದ, ಅದರ ಅರ್ಧದಷ್ಟು ಅಗಲ. ಅದರ ಬೆಳಕು ಏರಿಳಿಯುವುದರಿಂದ, ಏಳು ಗಂಟೆಗೊಮ್ಮೆ ಮಗುಚುತ್ತದೆ ಎಂದು ಗೊತ್ತಾಗಿದೆ. ಸೂರ್ಯನನ್ನು ಸುತ್ತಲು ಐದು ವರ್ಷ. ಮೈಬಣ್ಣ ಇದ್ದಿಲಿಗಿಂತ ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ ಹಿಂದಕ್ಕೆ ಕೊಡುತ್ತದೆ.

"ಅಷ್ಟು ಕಪ್ಪಾ?" ಎಂದಳು ಅತ್ತೆ. "ಅಂಥದ್ದು ಹೋಗಿ ಹೋಗಿ ನನ್ನ ಈ ಕುರುಡುಗಣ್ಣಿಗೆ ಬಿತ್ತಾ?"

ಸೊಸೆ ಕಾಗದ ಮಡಚಿದಳು. "ಅತ್ತೆ, ಒಂದು ವಿಷಯ ಹೇಳೋಕೆ ಇಷ್ಟು ದಿನ ಬಾಯೇ ಬಂದಿರ್ಲಿಲ್ಲ. ಆ ಎರಡು ಪ್ಲೇಟನ್ನ ನಿಮಗಿಂತ ಮೊದಲು ನಾನು ನೋಡಿದ್ದೆ. ಗೀರು ಅಂದ್ಕೊಂಡು ಪಕ್ಕಕ್ಕಿಟ್ಟಿದ್ದೆ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ದಿಟ್ಟಿಸಿದಳು.

"ಗೀರು? ಎರಡು ಪ್ಲೇಟಲ್ಲೂ ಒಂದೇ ಥರ ಗೀರು ಬೀಳುತ್ತೇನೇ? ತಲೆ ಎಲ್ಲಿಟ್ಟಿದ್ದೆ? ಕೂತ್ಕೋ ಇಲ್ಲಿ!"

ಪಾಠ ಒಂದು ಗಂಟೆ ನಡೆಯಿತು. ಒಳಕೋಣೆಯಲ್ಲಿದ್ದ ಮಗ ಹೆದರಿ ಹೊರಗೆ ಬಂದು ನೋಡಿದ. ಅಮ್ಮ ಕೈ ಬೀಸಿ ಬೀಸಿ ಬಯ್ಯುತ್ತಿದ್ದಳು. ಹೆಂಡತಿ ತಲೆ ತಗ್ಗಿಸಿ ಕೂತು, ಅಳುತ್ತಾ ನಗುತ್ತಾ, ಹೂಂ ಅತ್ತೆ, ಹೂಂ ಅತ್ತೆ ಎನ್ನುತ್ತಿದ್ದಳು.