ಎತ್ತಿನ ಹಣೆಯ ಮೇಲೆ ಕುದುರೆಯ ಒಡವೆ

ಕೊಂಬು ನನ್ನ ಅಂಗಿ ಸೀಳಿ ಪಕ್ಕೆಯನ್ನು ಗೀರಿಕೊಂಡು ಹೋಯಿತು. ಎತ್ತಿನ ಒಡತಿ ಮೂಗುದಾರ ಹಿಡಿದು ಜಗ್ಗದಿದ್ದರೆ ಒಳಗೇ ಇಳಿಯುತ್ತಿತ್ತು.

ತಪ್ಪು ನನ್ನದೇ. ಆಗ ನಾನು ಹಂಪಿಯ ಉತ್ಖನನದಲ್ಲಿ ತರಬೇತಿಗಿದ್ದೆ. ಅಂದು ಬೆಳಿಗ್ಗೆಯಷ್ಟೇ ವಿಜಯನಗರ ಕಾಲದ ಕುದುರೆಗಳ ಎದೆಪಟ್ಟಿಗೆ ತೂಗಿಬಿಡುತ್ತಿದ್ದ ಹಿತ್ತಾಳೆಯ ಬಿಲ್ಲೆಯೊಂದು ಸಿಕ್ಕಿತ್ತು. ಅದರ ಮೇಲೆ ಜೋಡಿ ಗಿಳಿಗಳ ಕೆತ್ತನೆ. ಸಂಜೆ ಕಮಲಾಪುರದ ಕಾಲುವೆ ಏರಿಯ ಮೇಲೆ ನಡೆದು ಬರುವಾಗ ಅವೇ ಗಿಳಿಗಳು ಒಂದು ಎತ್ತಿನ ಹಣೆಯ ಮೇಲೆ ಹೊಳೆದವು. ಎತ್ತನ್ನೇ ಮರೆತು ಬಿಲ್ಲೆಗೆ ಕೈ ಹಾಕಿದೆ. ಗದ್ದೆ ಉಳುವಾಗ ಸಿಕ್ಕಿದ್ದನ್ನು ತೊಳೆದು ಕಟ್ಟಿದ್ದರೆಂದು ಆಮೇಲೆ ತಿಳಿಯಿತು.

"ಗಿಳಿ ಕಂಡವು, ಕೊಂಬು ಕಾಣ್ಲಿಲ್ಲೇನ್ರಿ ನಿಮಗ?" ಎಂದು ಆಕೆ ಬೈದಳು. ನನ್ನ ಕಣ್ಣು ಇನ್ನೂ ಗಿಳಿಗಳ ಮೇಲೇ ಇದ್ದದ್ದನ್ನು ನೋಡಿ, ಬಿಲ್ಲೆಯನ್ನು ತಾನೇ ಬಿಚ್ಚಿ ಅಂಗೈಯಲ್ಲಿಟ್ಟಳು. "ಬಾಯಿಬಿಟ್ಟು ಕೇಳಿದ್ರ ನಾನ ಕೊಡ್ತಿದ್ದೆ. ಕುಂದ್ರಿ, ಮೊದ್ಲ ನೀರು ಕುಡೀರಿ."

ಪಕ್ಕೆಯ ಗಾಯ ವಾರದಲ್ಲಿ ಮಾಯಿತು. ಆದರೆ ವರ್ಷಗಳಾದರೂ ಆ ಸಂಜೆ ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತಲೇ ಇದೆ. ಪ್ರತಿ ಸಲವೂ ಆಕೆ ಮೂಗುದಾರ ಜಗ್ಗಲು ಒಂದು ಕ್ಷಣ ತಡಮಾಡುತ್ತಾಳೆ.