ಮುದುರಿದ ಬೆರಳು

ನೀಲಗಿರಿಯ ಎಮರಾಲ್ಡ್ ಎಂಬ ಊರಿನ ಹತ್ತಿರದ ಹಟ್ಟಿಯಿಂದ ಊಟಿಯ ಬೋರ್ಡಿಂಗ್ ಶಾಲೆಗೆ ವಸಂತಾಮಣಿ ಹದಿನೆಂಟು ವರ್ಷದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅಲ್ಲಿ ಅವಳು ಪಿಯಾನೋ ಟೀಚರ್. ಅಪ್ಪ ಅದೇ ಶಾಲೆಯಲ್ಲಿ ಮಾಲಿಯಾಗಿದ್ದಾಗ ಆಗಿನ ಸಂಗೀತದ ಟೀಚರೊಬ್ಬರು ಪುಟ್ಟ ಹುಡುಗಿಯಾಗಿದ್ದ ಅವಳನ್ನು ಕರೆದು ಪಿಯಾನೋ ಮುಂದೆ ಕೂರಿಸಿದ್ದರು. ಹಟ್ಟಿಯವರು ಈಗಲೂ ‘ಪೆಟ್ಟಿಗೆ ಟೀಚರ್’ ಅಂತಲೇ ಕರೆಯುತ್ತಾರೆ.

ಕಳೆದ ಜೂನಿನಲ್ಲಿ ಅವಳ ಬಲಗೈಯ ಉಂಗುರ ಬೆರಳು ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ನೋವಿಲ್ಲ, ಊತವಿಲ್ಲ. ತರಕಾರಿ ಹೆಚ್ಚುವಾಗ, ಜಡೆ ಹೆಣೆಯುವಾಗ ನೆಟ್ಟಗೇ ಇರುತ್ತಿತ್ತು. ಪಿಯಾನೋ ಮೇಲೆ ಇಟ್ಟ ಕೂಡಲೇ ಅಂಗೈಯೊಳಕ್ಕೆ ಮುದುರಿಕೊಳ್ಳುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋದೀತೆಂಬ ಭಯ. ಬಾಯಿಬಿಟ್ಟರೆ ಅದು ನಿಜವೇ ಆಗಿಬಿಟ್ಟೀತೆಂಬುದು ಇನ್ನೂ ದೊಡ್ಡ ಭಯ.

ಜನವರಿಯಲ್ಲಿ ಪ್ರಿನ್ಸಿಪಾಲ್ ಬಾಲಸುಬ್ರಮಣಿಯನ್ ಕರೆಸಿದರು. "ಮುಂದಿನ ತಿಂಗಳು ಇಟಲಿಯಿಂದ ಲೊರೆಂಜಾ ಅಂತ ಒಬ್ಬ ಕಂಪೋಸರಮ್ಮ ಬರ್ತಾರೆ. ಅವರೂ ಅವರ ಜೊತೆಯವರೂ ಬರೆಯೋದೆಲ್ಲ ಸಣ್ಣ ಸಣ್ಣ ಪೀಸು, ಒಂದೆರಡು ನಿಮಿಷದ್ದು. ನಾಲ್ಕು ನುಡಿಸಿಬಿಡಿ ಟೀಚರ್."

"ಆಗಲಿ ಸಾರ್."

ಚಿಕ್ಕದಾದರೆ ಹೇಗೋ ಮರೆಮಾಚಬಹುದು ಅಂದುಕೊಂಡಿದ್ದಳು. ಹಾಳೆಗಳು ಕೈಗೆ ಬಂದಾಗ ತಾನೆಣಿಸಿದ್ದು ತಪ್ಪೆಂದು ತಿಳಿಯಿತು. ದೊಡ್ಡ ಕೃತಿಯಲ್ಲಿ ಒಂದು ಸ್ವರ ತಪ್ಪಿದರೆ ಹಿಂದೆ ಬರುವ ನೂರು ಸ್ವರ ಅದನ್ನು ಮುಚ್ಚಿಬಿಡುತ್ತವೆ. ಇಲ್ಲಿ ಪುಟಕ್ಕೆ ಹಿಡಿಯಷ್ಟೇ ಸ್ವರ, ಒಂದೊಂದರ ಸುತ್ತಲೂ ಮೌನ. ಸಾಲದ್ದಕ್ಕೆ ಬರೆದಾಕೆಯೇ ಎದುರು ಕೂತು ಕೇಳುತ್ತಾಳೆ.

ಅಡುಗೆಮನೆಯಲ್ಲಿ ಅವಳು ಹಲಗೆಯ ಮೇಲೆ ಪಿಯಾನೋ ನುಡಿಸುವಂತೆ ಬೆರಳಾಡಿಸುತ್ತಿದ್ದುದನ್ನು, ಅಲ್ಲೂ ಬೆರಳು ಮುದುರಿದೊಡನೆ ಕೈ ಮುಚ್ಚಿಕೊಂಡದ್ದನ್ನು ತಾಯಿ ಜೋಗಮ್ಮ ಕಂಡಳು.

"ಕೈ ಏಕೆ ಮುಚ್ಚಿಡ್ತೀ?"

"ಚಳಿ, ಅವ್ವೆ."

"ನಲವತ್ತು ವರ್ಷ ಟೀ ಲೀಫ್ ಕಿತ್ತ ಕೈ ನಂದು. ಚಳಿ ಹಿಡಿದ ಬೆರಳು ಹೀಗೆ ಮಾಡಾದಿಲ್ಲೆ. ಡಾಕ್ಟರಿಗೆ ತೋರ್ಸು."

ವಸಂತಾಮಣಿ ಸೆರಗಿನೊಳಗೆ ಕೈ ಅಡಗಿಸಿಕೊಂಡು ಎದ್ದು ಹೋದಳು.

ಫೆಬ್ರವರಿಯ ಆ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಆ ಬೆರಳನ್ನು ತಪ್ಪಿಸಿ ಬೇರೆ ಬೆರಳಿಗೆ ಒಗ್ಗಿಸಿಕೊಂಡಿದ್ದ ಮೂರು ಪೀಸು ಹೇಗೋ ದಾಟಿದವು. ನಾಲ್ಕನೆಯದು ಲೊರೆಂಜಾ ಬರೆದದ್ದು; ಅದರಲ್ಲಿ ಆ ಬೆರಳನ್ನು ತಪ್ಪಿಸಲು ದಾರಿಯಿರಲಿಲ್ಲ. ಎಂಟನೇ ಸ್ವರಕ್ಕೆ ಉಂಗುರ ಬೆರಳು ಮುದುರಿತು, ಜೊತೆಗೆ ಕಿರುಬೆರಳೂ ಮುದುರಿತು. ತಪ್ಪು ಸ್ವರವೊಂದು ಗಂಟೆಯ ಹಾಗೆ ಕೇಳಿಸಿತು. ಮತ್ತೆ ಕೈ ಎತ್ತಿದಳು. ಅದು ಬಿಚ್ಚಲೇ ಇಲ್ಲ. ಹಿಂದೆ ಯಾವುದೋ ಮಗು ಕಿಸಕ್ಕೆಂದಿತು.

"ಕ್ಷಮಿಸಿ," ಅಂದಳು. "ನನ್ನ ಬೆರಳು ಬರ್ತಾ ಇಲ್ಲ. ಎಂಟು ತಿಂಗಳಾಯ್ತು."

ಮುಂದಿನ ಸಾಲಿನಿಂದ ಲೊರೆಂಜಾ ಎದ್ದಳು. ಅರವತ್ತು ದಾಟಿದ ಹೆಂಗಸು, ಮೆಟ್ಟಿಲನ್ನು ಮೆಲ್ಲಗೆ ಹತ್ತಿ ಬಂದು ವಸಂತಾಮಣಿಯ ಬಲಕ್ಕೆ ಅದೇ ಬೆಂಚಿನ ತುದಿಯಲ್ಲಿ ಕೂತಳು. "ಎಡಗೈ ನಿಮ್ಮದು, ಬಲಗೈ ನನ್ನದು," ಎಂದಳು ತೊದಲು ಇಂಗ್ಲಿಷಿನಲ್ಲಿ. ಇಬ್ಬರೂ ಮೊದಲಿನಿಂದ ನುಡಿಸಿದರು. ವಸಂತಾಮಣಿಗೆ ಚಪ್ಪಾಳೆ ಕೇಳಿಸಲಿಲ್ಲ. ಅವಳು ಪ್ರಿನ್ಸಿಪಾಲರ ಮುಖವನ್ನೇ ನೋಡುತ್ತಿದ್ದಳು.

ಕೊಯಮತ್ತೂರಿನ ಡಾಕ್ಟರು, ಇದು ಬೆರಳಿನದಲ್ಲ, ನರದ ಕಾಯಿಲೆ, ವಾಸಿಯಾಗಬಹುದು, ಆಗದೆಯೂ ಇರಬಹುದು ಅಂದರು. ಪ್ರಿನ್ಸಿಪಾಲರು, "ಈ ವರ್ಷ ಇರಿ ಟೀಚರ್, ಆಮೇಲೆ ನೋಡೋಣ," ಅಂದರು.

ಈಗ ಅವಳು ಸಣ್ಣ ತರಗತಿಗಳಿಗೆ ಎಡಗೈಯಲ್ಲಿ ನುಡಿಸಿ, ಉಳಿದದ್ದನ್ನು ಬಾಯಲ್ಲಿ ಹಾಡಿ ಕಲಿಸುತ್ತಾಳೆ. ಮಕ್ಕಳು ಬರುವ ಮುಂಚೆ ದಿನವೂ ಒಮ್ಮೆ ಬಾಗಿಲು ಹಾಕಿಕೊಂಡು, ಬೆರಳು ನೆಟ್ಟಗೆ ನಿಂತೀತೇ ಎಂದು, ಬಲಗೈಯನ್ನು ಪಿಯಾನೋ ಮೇಲೆ ಇಡುತ್ತಾಳೆ. ಇಡುವ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಾಳೆ.