ಒಳಮೈಗೆ ತಿರುಗಿದ ಏಪ್ರನ್

ಬಂದರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೀನಿನ ಶೆಡ್ಡಿನೊಳಗೆ ಟ್ಯೂಬ್‌ಲೈಟಿನ ಬಿಳಿ ಬೆಳಕು, ಕಾಲಡಿ ನೀರು, ಉಸಿರು ಬಿಟ್ಟರೆ ಹೊಗೆ. ಉದ್ದನೆಯ ಸ್ಟೀಲಿನ ಮೇಜಿನ ಎರಡೂ ಬದಿ ಹೆಂಗಸರು ಗಂಬೂಟು ಹಾಕಿ ನಿಂತಿದ್ದಾರೆ. ಒಬ್ಬಳು ಮಾತ್ರ ಕೂತಿದ್ದಾಳೆ.

ಅವಳೇ ಎಲ್ಸ್‌ಪೆಟ್ ಮೇರ್. ಎತ್ತರದ ಸ್ಟೂಲು, ಬೆನ್ನಿಗೊಂದು ಆನಿಕೆ, ಜಾರದಂತೆ ಕಾಲುಗಳಿಗೆ ರಬ್ಬರು. ಐಸಿನೊಳಗಿಂದ ಹ್ಯಾಡಕ್ ಮೀನೊಂದನ್ನು ಎಳೆದುಕೊಳ್ಳುತ್ತಾಳೆ. ಕಿವಿರಿನ ಹಿಂದೆ ಚಾಕು ಊರಿ, ಬೆನ್ನುಮೂಳೆಯ ಗುಂಟ ಬಾಲದ ತನಕ ಒಂದೇ ಎಳೆತ. ಮಗುಚಿ ಇನ್ನೊಂದು. ಮುಳ್ಳು ಒಂದು ಕಡೆ, ಹೋಳು ಒಂದು ಕಡೆ. ಮಧ್ಯಾಹ್ನದೊಳಗೆ ಮೂವತ್ತು ಪೆಟ್ಟಿಗೆ ಮುಗಿಸುತ್ತಾಳೆ. ನಿಂತವರದ್ದೂ ಅಷ್ಟೇ.

"ಏನಜ್ಜ, ಹಂಗ್ ನೋಡ್ತೀಯ? ನಿಂಗೂ ಒಂದು ಸ್ಟೂಲ್ ಹಾಕಿಸ್ಲಾ? ಒಂದೂವರೆ ವರ್ಷ ಹಿಡಿಯುತ್ತೆ ಮತ್ತೆ," ಅನ್ನುತ್ತಾಳೆ, ಅವಳ ಕಥೆ ಕೇಳಲು ಬಂದು ಮೇಜಿನ ತುದಿಯಲ್ಲಿ ನಿಂತ ನನಗೆ. ನಗುವವರು ಯಾರೂ ಇಲ್ಲ. ಅವಳ ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ.

ಸ್ಕಾಟ್ಲೆಂಡಿನ ಈ ಈಶಾನ್ಯ ಕರಾವಳಿಯಲ್ಲಿ ಮೀನು ಸೀಳುವವರು ನಿಂತೇ ಸೀಳುತ್ತಾರೆ. ಅಮ್ಮಂದಿರು ನಿಂತಿದ್ದರು, ಅಜ್ಜಿಯರು ಬಯಲಲ್ಲಿ, ಗಾಳಿಯಲ್ಲಿ ನಿಂತಿದ್ದರು. ಎಲ್ಸ್‌ಪೆಟ್ ಹದಿನಾರನೇ ವಯಸ್ಸಿಗೆ ಅಮ್ಮನ ಪಕ್ಕ ಬಂದು ನಿಂತವಳು. ನಲವತ್ತು ದಾಟಿದ ಮೇಲೆ ನರದ ಕಾಯಿಲೆ ಬಂತು. ಕೈ ಗಟ್ಟಿ, ಕಣ್ಣು ಗಟ್ಟಿ. ಕಾಲು ಮಾತ್ರ ಎರಡು ಗಂಟೆ ನಿಂತರೆ ಒದ್ದೆ ಗೋಣಿಚೀಲದ ಹಾಗೆ ಕುಸಿಯುತ್ತದೆ. ಮೇಸ್ತ್ರಿ ಸ್ಯಾಂಡಿಯ ಹತ್ತಿರ ಹೋಗಿ ಒಂದು ಸ್ಟೂಲು ಕೇಳಿದಳು.

"ಇದೇನು ಚರ್ಚಾ, ಕೂರೋಕೆ?" ಅಂದನಂತೆ ಅವನು. "ನೀನು ಕೂತ್ರೆ ನಾಳೆ ಎಲ್ಲರಿಗೂ ಸೊಂಟನೋವು ಬರುತ್ತೆ. ಮನೇಲಿ ಆರಾಮಾಗಿ ಇರಬಾರದಾ? ಯೋಚನೆ ಮಾಡು."

"ಯೋಚನೆ ಮಾಡ್ತೀನಿ ಅಂದೆ. ಅಷ್ಟೇ ಅಂದಿದ್ದು ನಾನು," ಅನ್ನುತ್ತಾಳೆ ಎಲ್ಸ್‌ಪೆಟ್.

ಸ್ಯಾಂಡಿ ಅವಳಿಗೆ ತಿಳಿಯದಂತೆ ಮೇಜಿನ ಹೆಂಗಸರ ಹತ್ತಿರ ಹೋಗಿ, ಶುಕ್ರವಾರ ಎಲ್ಸ್‌ಪೆಟ್‌ಳ ಕಡೇ ದಿನ ಎಂದು ಹೇಳಿಬಿಟ್ಟ.

ಈ ಶೆಡ್ಡಿನಲ್ಲಿ ಒಂದು ರೂಢಿ ಇದೆ. ಕೆಲಸ ಬಿಟ್ಟು ಹೋಗುವವಳ ಬಿಳಿ ಏಪ್ರನ್ನನ್ನು ಮೇಜಿನ ಮೇಲೆ ಹರಡಿ ಎಲ್ಲರೂ ಕಪ್ಪು ಶಾಯಿಯಲ್ಲಿ ಹೆಸರು ಬರೆಯುತ್ತಾರೆ. ಟೀ ಹೊತ್ತಿಗೆ ಕೇಕು. ಆ ಶುಕ್ರವಾರ ಕೇಕು ಮಾಡಿ ತಂದವಳು ರೋಡಾ ವಾಟ್. ಇಪ್ಪತ್ತು ವರ್ಷ ಎಲ್ಸ್‌ಪೆಟ್‌ಳ ಎಡಗಡೆ ನಿಂತು, ಗಂಡನ ಗೊರಕೆಯಿಂದ ಹಿಡಿದು ಪಾದ್ರಿಯ ಟೋಪಿಯ ತನಕ ಎಲ್ಲವನ್ನೂ ಮಾತಾಡಿ ನಗಿಸಿದವಳು.

"ಒಳಗೆ ಬಂದೆ, ಎಲ್ಲರೂ ಚಪ್ಪಾಳೆ ತಟ್ಟಿದ್ರು. ಏಪ್ರನ್ ತುಂಬ ಹೆಸರು. ರೋಡಾ ಅತ್ತು ಅತ್ತು ಕಣ್ಣು ಊದಿಸ್ಕೊಂಡಿದ್ಲು. ನಾನು ಹೋಗ್ತಿಲ್ಲ ಕಣೇ ಅಂತ ಹೆಂಗ್ ಹೇಳ್ಲಿ? ಥ್ಯಾಂಕ್ಸ್ ಅಂದೆ. ಎರಡು ತುಂಡು ತಿಂದೆ."

ಸೋಮವಾರ ಎಂದಿನಂತೆ ಕೆಲಸಕ್ಕೆ ಬಂದಳು. ಅವಳ ಗೂಟದಲ್ಲಿ ಬೇರೆ ಯಾರದೋ ಕೋಟು ನೇತಾಡುತ್ತಿತ್ತು.

ಕಾಯಿಲೆಯಾದ ಕೆಲಸಗಾರರಿಗೆ ಬೇಕಾದ ಅನುಕೂಲ ಮಾಡಿಕೊಡುವುದು ಮಾಲೀಕರ ಕರುಣೆಯಲ್ಲ, ಕಟ್ಟುಪಾಡು ಎಂದು ನಮ್ಮಲ್ಲಿ ಕಾನೂನಿದೆ. ಕಾರ್ಮಿಕ ಸಂಘದವರು ಅದನ್ನು ಹಿಡಿದುಕೊಂಡು ಅಬರ್ಡೀನಿನ ನ್ಯಾಯಮಂಡಳಿಗೆ ಹೋದರು. ಕಂಪನಿಯ ವಕೀಲ ಒಂದು ಫೋಟೊ ತೆಗೆದಿಟ್ಟ. ಹೆಸರು ಬರೆದ ಏಪ್ರನ್ ಹಿಡಿದು, ಬಾಯಲ್ಲಿ ಕೇಕಿಟ್ಟುಕೊಂಡು ನಗುತ್ತಿರುವ ಎಲ್ಸ್‌ಪೆಟ್.

"ತಾವಾಗಿಯೇ ಬಿಟ್ಟಿರಿ. ಧನ್ಯವಾದವನ್ನೂ ಹೇಳಿದಿರಿ. ಹೌದೋ ಅಲ್ಲವೋ?"

"ಹೇಳ್ದೆ ಸ್ವಾಮಿ. ಕೇಕ್ ಕೊಟ್ಟವಳಿಗೆ ಬೈಯೋಕಾಗುತ್ತಾ?"

ಆಮೇಲೆ ಸಾಕ್ಷಿಗೆ ನಿಂತವಳು ರೋಡಾ. ಭಾನುವಾರದ ಕೋಟು ಹಾಕಿಕೊಂಡು, ಕೈಚೀಲ ಎದೆಗವಚಿಕೊಂಡು, ನೆಲ ನೋಡುತ್ತ ಹೇಳಿದಳು: "ಅವಳನ್ನ ನಾವ್ಯಾರೂ ಕೇಳ್ಲಿಲ್ಲ. ಒಳ್ಳೇದು ಮಾಡ್ತಿದೀವಿ ಅಂದ್ಕೊಂಡ್ವಿ. ಮೇಸ್ತ್ರಿ ಹೇಳ್ದ, ನಾನು ಹಿಟ್ಟು ಕಲಸ್ದೆ."

ಆ ಮಾತಿನಿಂದ ಎಲ್ಸ್‌ಪೆಟ್ ಗೆದ್ದಳು. ಗೆದ್ದವರು ಸಾಮಾನ್ಯವಾಗಿ ದುಡ್ಡು ತೆಗೆದುಕೊಂಡು ಸುಮ್ಮನಾಗುತ್ತಾರೆ. ಇವಳು ನನ್ನ ಜಾಗ ನನಗೆ ಬೇಕು ಎಂದು ಪಟ್ಟು ಹಿಡಿದಳು. ಒಂದೂವರೆ ವರ್ಷಕ್ಕೆ ಜಾಗ ಸಿಕ್ಕಿತು, ಸ್ಟೂಲೂ ಬಂತು.

ರೋಡಾಳನ್ನು ಮಾತ್ರ ಒಂದು ತಿಂಗಳೊಳಗೆ ಮೇಜಿನಿಂದ ಎಬ್ಬಿಸಿ ಕೋಲ್ಡ್ ಸ್ಟೋರಿಗೆ ಹಾಕಿದರು, ಪೆಟ್ಟಿಗೆ ಹೊರುವುದಕ್ಕೆ. ಸಾಕ್ಷಿ ಹೇಳಿದವರ ಮೇಲೆ ಹಗೆ ತೀರಿಸಿಕೊಳ್ಳುವುದಕ್ಕೂ ಅದೇ ಕಾನೂನಿನಲ್ಲಿ ತಡೆ ಇದೆ. ಎಲ್ಸ್‌ಪೆಟ್ ಅವಳ ಮನೆಗೇ ಹೋಗಿ ಹೇಳಿದಳು, ನೀನೂ ನ್ಯಾಯಮಂಡಳಿಗೆ ಬಾರೇ, ನಾನು ಜೊತೆಗಿರ್ತೀನಿ ಎಂದು.

"ನಂಗೆ ಆ ರೂಮು ಇನ್ನೊಂದು ಸಲ ಆಗಲ್ಲ ಕಣೇ," ಅಂದಳಂತೆ ರೋಡಾ. "ನಿಂದು ಕಾಲು ಹೋಗಿದೆ, ಗುಂಡಿಗೆ ಇದೆ. ನಂದು ತಿರುಗಾಮುರುಗಾ."

ರೋಡಾ ಈಗ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಾಳೆ. ಅಂಗಡಿಯಲ್ಲಿ ಇವಳು ಎದುರಾದರೆ, "ಗಾಳಿ ಜೋರಿದೆ ಅಲ್ವಾ" ಎಂದು ಹೇಳಿ ಮುಂದೆ ಹೋಗುತ್ತಾಳೆ.

ಮೇಜಿನ ಹೆಂಗಸರು ಎಲ್ಸ್‌ಪೆಟ್ ಜೊತೆ ಜಗಳವಾಡಿಲ್ಲ. ಉಪ್ಪು ಕೇಳಿದರೆ ಉಪ್ಪು ಕೊಡುತ್ತಾರೆ. ಹತ್ತು ಗಂಟೆಗೆ ಅವಳು ಮಾತ್ರೆ ನುಂಗಲು ಒಳಗೆ ಹೋದಾಗ, ಎದುರಿನ ಬದಿಯ ಹೆಂಗಸೊಬ್ಬಳು ಸುತ್ತ ನೋಡಿ ಬಂದು ಆ ಸ್ಟೂಲಿನ ಮೇಲೆ ಕೂತು ಸೊಂಟ ಒತ್ತಿಕೊಳ್ಳುತ್ತಾಳೆ.

"ಅವಳು ಕೇಳಲ್ಲ, ನಾನು ಹೇಳಲ್ಲ," ಅನ್ನುತ್ತಾಳೆ ಎಲ್ಸ್‌ಪೆಟ್. "ನಾನು ಮಾತ್ರೆ ನುಂಗೋದು ಇತ್ತೀಚೆಗೆ ಸ್ವಲ್ಪ ನಿಧಾನ ಆಗಿದೆ."

ಅವಳು ಇವತ್ತು ಹಾಕಿಕೊಂಡಿರುವುದು ಅದೇ ಏಪ್ರನ್. ಮೀನಿನ ಹತ್ತಿರ ಶಾಯಿ ಕೂಡದು ಎಂದು ತಪಾಸಣೆಯವಳು ಹೇಳಿದ್ದಕ್ಕೆ ತಿರುಗಿಸಿ ಕಟ್ಟಿಕೊಂಡಿದ್ದಾಳೆ. ಹೆಸರುಗಳೆಲ್ಲ ಒಳಮೈಗೆ. ದಿನಾ ತೊಳೆದು ತೊಳೆದು ಬಹಳಷ್ಟು ಅಳಿಸಿವೆ. ಎದೆಯ ಹತ್ತಿರ ದೊಡ್ಡದಾಗಿ ಬರೆದ ರೋಡಾಳ ಹೆಸರು ಅರ್ಧ ಉಳಿದಿದೆ.

ಇನ್ನೊಂದು ಹೊಸದು ತಗೊಳ್ಳಬಾರದೇ ಎಂದರೆ, "ಗಟ್ಟಿಯಾಗೇ ಇದೆಯಲ್ಲಜ್ಜ, ಯಾಕೆ ಬಿಸಾಕ್ಲಿ?" ಎಂದು ಚಾಕು ಮಸೆಯುತ್ತಾಳೆ. ಇನ್ನೊಂದು ಮೀನು ಎಳೆದುಕೊಳ್ಳುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ, ಕೈ ನಿಲ್ಲಿಸದೆ, ಎಡಗಡೆಯ ಖಾಲಿ ಜಾಗಕ್ಕೆ ಕೇಳಿಸುವಷ್ಟೇ ಮೆಲ್ಲಗೆ ಹೇಳುತ್ತಾಳೆ:

"ಒಂದು ದಿನ ಹೋಗಲೇಬೇಕು. ಕೈಯೂ ಹೋಗುತ್ತೆ ಅಂದಿದಾರೆ ಡಾಕ್ಟ್ರು. ಆ ದಿನ ಯಾವುದು ಅಂತ ನಾನೇ ಹೇಳ್ತೀನಿ. ಆವತ್ತು ರೋಡಾ ಬಂದು ಕೇಕ್ ಮಾಡಿಕೊಡ್ಲಿ. ಆವಾಗ ಥ್ಯಾಂಕ್ಸ್ ಅಂದ್ರೆ, ಥ್ಯಾಂಕ್ಸ್ ಅಂತಲೇ."